ರೇಸಿನಿಂದ ಇಳಿದ ಕುದುರೆಗೆ ಆರು ತಿಂಗಳು ಕೊಡಿ: ತೋಟದ ಮನೆಯವರಿಗೊಂದು ಬಹಿರಂಗ ಪತ್ರ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ತೋಟದ ಮನೆ, ಹೋಂಸ್ಟೇ, ರೆಸಾರ್ಟ್ ಕಟ್ಟಿಕೊಂಡು, ಅಲ್ಲಿಗೊಂದು ಕುದುರೆಯೂ ಇರಲಿ ಎಂದು ಆಸೆಪಟ್ಟಿರುವ ನಿಮ್ಮೆಲ್ಲರಿಗೂ ಈ ಪತ್ರ.

ಹೋದ ಶಿವರಾತ್ರಿಯ ಮಾರನೇ ದಿನ ಮಂಚನಬೆಲೆ ಕಡೆಯ ತೋಟವೊಂದರಿಂದ ನನಗೆ ಫೋನ್ ಬಂತು. ‘ಕುದುರೆ ತಂದು ಹನ್ನೆರಡು ದಿನ ಆಯ್ತು ಅಣ್ಣ, ಹತ್ರಾನೇ ಸೇರಿಸ್ತಿಲ್ಲ, ಸ್ವಲ್ಪ ಬಂದು ನೋಡಿ’ ಎಂದರು. ಹೋದೆ. ದನದ ಕೊಟ್ಟಿಗೆಯ ಸಿಮೆಂಟು ನೆಲದ ಮೇಲೆ, ಎರಡೂ ಕಡೆಗೆ ಹಗ್ಗ ಬಿಗಿದು, ಒಂದು ಕೆಂದ ಹೆಣ್ಣು ಕುದುರೆಯನ್ನು ಕಟ್ಟಿದ್ದರು. ಮುಂದೆ ಬಕೆಟ್ ತುಂಬ ನೆನೆಸಿದ ಹುರುಳಿ. ಹುಲ್ಲಿನ ಒಂದು ಎಳೆಯೂ ಇಲ್ಲ. ಬೆವರು ಒಣಗಿ ಮೈಮೇಲೆಲ್ಲ ಉಪ್ಪಿನ ಗೆರೆ. ನಾನು ಬಾಗಿಲಿಗೆ ಬಂದದ್ದೇ ಕಿವಿ ಹಿಂದಕ್ಕೆ ಮಡಚಿ, ಇದ್ದಲ್ಲೇ ಕಾಲು ಬದಲಿಸುತ್ತಾ ನಡುಗಿತು. ಆ ಮನೆಯ 11 ವರ್ಷದ ಹುಡುಗಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು. ‘ಹುಚ್ಚು ಕುದುರೆ ಕೊಟ್ಟು ಮೋಸ ಮಾಡಿದ್ರು’ ಎಂದು ಮನೆಯವರು ಕುದಿಯುತ್ತಿದ್ದರು. ಹುಡುಗಿ ಮಾತ್ರ ನನ್ನನ್ನು ಬೇರೆಯೇ ಒಂದು ಪ್ರಶ್ನೆ ಕೇಳಿದಳು: ‘ಅಂಕಲ್, ನಾನು ಏನು ತಪ್ಪು ಮಾಡಿದೆ?’

ಅವಳಿಗೆ ಕೊಟ್ಟ ಉತ್ತರವನ್ನೇ ನಿಮಗೂ ಬರೆಯುತ್ತಿದ್ದೇನೆ. ಈ ರಾಮನಗರ ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ ಎಂದಾಗಿದೆ, ರಸ್ತೆಗಳು ಅಗಲವಾಗಿವೆ, ತೋಟದ ಮನೆಗಳು ವರ್ಷ ವರ್ಷ ಹೆಚ್ಚುತ್ತಿವೆ. ಅವುಗಳ ಹಿಂದೆಯೇ ಲಾರಿಗಳಲ್ಲಿ ಕುದುರೆಗಳೂ ಬಂದಿಳಿಯುತ್ತಿವೆ.

ನನ್ನ ಪರಿಚಯ ಎರಡು ಮಾತಲ್ಲಿ. ನಮ್ಮೂರು ಕನಕಪುರ ತಾಲ್ಲೂಕಿನಲ್ಲಿ. ಅಪ್ಪ ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ 31 ವರ್ಷ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಆಗಿದ್ದರು. ಬೆಳಗಿನ ಜಾವ ಮೂರೂವರೆಗೆ ಎದ್ದು, ಕತ್ತಲಲ್ಲೇ ಕುದುರೆಯ ನಾಲ್ಕೂ ಕಾಲು ತಡವಿ, ಎಲ್ಲಿಯಾದರೂ ಬಿಸಿ ಇದೆಯೇ, ಊತ ಇದೆಯೇ ನೋಡಿದ ಮೇಲೇ ಅವರು ಚಹಾ ಕುಡಿಯುತ್ತಿದ್ದುದು. ನಾನು ಬೆಳೆದದ್ದು ಆ ಲಾಯಗಳ ಸಾಲಿನಲ್ಲಿ. 19 ವರ್ಷದಿಂದ ಮಾಗಡಿ ಕಡೆ ಸಣ್ಣದೊಂದು ಲಾಯ ಇಟ್ಟುಕೊಂಡು, ರೇಸಿನಿಂದ ಇಳಿದ ಕುದುರೆಗಳನ್ನು ತಂದು, ಸವಾರಿಗೆ ಪಳಗಿಸಿ ಮಾರುತ್ತಿದ್ದೇನೆ. ಇದೇ ನನ್ನ ಅನ್ನ. ಹಾಗಾಗಿ ಕುದುರೆ ಕೊಳ್ಳಬೇಡಿ ಎಂದು ಹೇಳುವವನು ನಾನಲ್ಲ. ಕೊಳ್ಳುವ ಮುಂಚೆ ಏನನ್ನು ಕೊಳ್ಳುತ್ತಿದ್ದೀರಿ ಎಂದು ತಿಳಿಯಿರಿ ಎಂದಷ್ಟೇ ಕೇಳುತ್ತೇನೆ.

ರೇಸಿನ ಕುದುರೆ ಎಂದರೆ ಥರೋಬ್ರೆಡ್ ತಳಿ. ಹುಟ್ಟಿದ ಎರಡು ವರ್ಷಕ್ಕೆ ಓಟಕ್ಕೆ ತಯಾರು. ಐದು, ಆರು, ಹೆಚ್ಚೆಂದರೆ ಏಳೆಂಟು ವರ್ಷಕ್ಕೆ ಬಹುಪಾಲು ಕುದುರೆಗಳ ಓಟ ಮುಗಿಯುತ್ತದೆ. ಕೆಲವಕ್ಕೆ ಕಾಲು ಕೆಡುತ್ತದೆ, ಕೆಲವಕ್ಕೆ ಉಸಿರು ಸಾಲದಾಗುತ್ತದೆ, ಹೆಚ್ಚಿನವು ಗೆಲ್ಲುವಷ್ಟು ವೇಗ ಇಲ್ಲದವು, ಅಷ್ಟೆ. ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ ದಾಟಿ ಬದುಕುತ್ತದೆ. ‘ರಿಟೈರ್ ಆದ ಕುದುರೆ’ ಎಂಬ ಮಾತು ಕೇಳಿ ನೀವು ಮುದಿ, ಸಾಧು, ಮಕ್ಕಳು ಹತ್ತಬಹುದು ಎಂದುಕೊಳ್ಳುತ್ತೀರಿ. ನಿಮ್ಮ ಮನೆಗೆ ಬರುವುದು ಡಿಗ್ರಿ ಮುಗಿಸಿದ ಹುಡುಗನ ವಯಸ್ಸಿನ ಪ್ರಾಣಿ. ಅದರ ಮುಂದೆ ಇನ್ನೂ 20 ವರ್ಷದ ಬದುಕಿದೆ.

ಅಗ್ಗಕ್ಕೆ ಏಕೆ ಸಿಗುತ್ತದೆ ಎಂದೂ ಕೇಳಬೇಕಲ್ಲವೇ? ಓಟದಲ್ಲಿರುವ ಕುದುರೆಗೆ ತಿಂಗಳು ತಿಂಗಳು ಟ್ರೇನರ್ ಖರ್ಚು, ಮೇವು, ಡಾಕ್ಟರು, ಲಾಳ, ಸೈಸಿನ ಸಂಬಳ. ಗೆಲ್ಲದ ದಿನದಿಂದ ಅದೆಲ್ಲ ಮಾಲೀಕರಿಗೆ ಭಾರ. ಲಾಯದ ಜಾಗ ಖಾಲಿಯಾದರೆ ಸಾಕು ಎಂಬ ಸ್ಥಿತಿ. ಒಳ್ಳೆಯ ವಂಶದ ಹೆಣ್ಣು ಕುದುರೆ ಮರಿ ಹಾಕಿಸಲು ಸ್ಟಡ್ ಫಾರಂಗೆ ಹೋಗುತ್ತದೆ. ಕೆಲವು ಸವಾರಿ ಶಾಲೆಗಳಿಗೆ, ಕೆಲವು ಅಶ್ವಾರೋಹಿ ಪೊಲೀಸಿಗೆ. ಉಳಿದವು ಕೈಯಿಂದ ಕೈಗೆ. ಇಂದು ತೋಟದ ಮನೆ, ನಾಳೆ ಬೀಚು, ನಾಡಿದ್ದು ಮದುವೆ ಮೆರವಣಿಗೆ. ಪ್ರತಿ ಕೈಗೂ ಬೆಲೆ ಇಳಿಯುತ್ತದೆ, ಮೈಯೂ ಇಳಿಯುತ್ತದೆ.

ಈ ಭಾರ ಸಾಲದೆಂಬಂತೆ 2023ರ ಅಕ್ಟೋಬರ್‌ನಲ್ಲಿ ರೇಸಿನ ಪಣದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಬಂತು. ಮರುವರ್ಷ ಬೇಸಿಗೆಯಲ್ಲಿ ಬೆಂಗಳೂರಿನ ರೇಸಿಗೆ ಪರವಾನಗಿಯ ವಿಷಯ ಕೋರ್ಟಿಗೆ ಹೋಗಿ ಓಟ ನಿಂತಿತು. ರೇಸು ಇರಬೇಕೇ ಬೇಡವೇ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆದರೆ ಓಟ ನಿಂತ ದಿನವೂ ಕುದುರೆ 8 ಕಿಲೋ ಹುಲ್ಲು ತಿನ್ನುತ್ತದೆ, 30 ಲೀಟರ್ ನೀರು ಕುಡಿಯುತ್ತದೆ. ಹಣ ಬರುವುದು ನಿಂತಾಗ ಮೊದಲು ಲಾಯದಿಂದ ಹೊರಬೀಳುವುದು ಕುದುರೆ, ಅದರ ಹಿಂದೆಯೇ ಸೈಸ್. 2025ರ ಬೇಸಿಗೆಯಲ್ಲಿ ಹೈದರಾಬಾದಿನಿಂದ 57 ಕುದುರೆಗಳನ್ನು ಲಾರಿಗಳಲ್ಲಿ ಮಧ್ಯಪ್ರದೇಶದ ಜಬಲ್ಪುರಕ್ಕೆ ಸಾಗಿಸಿದರು. ತಲುಪಿದ ಕೆಲವೇ ದಿನಗಳಲ್ಲಿ ಎಂಟು ಸತ್ತವು. ವಿಷಯ ಅಲ್ಲಿಯ ಹೈಕೋರ್ಟಿಗೆ ಹೋಯಿತು. ಆ ಸುದ್ದಿ ಓದಿದ ರಾತ್ರಿ ನನ್ನ ಲಾಯದ ಮುದುಕ ಸೈಸ್ ಊಟ ಮಾಡಲಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ.

ಮಗು, ನೀನು ಹತ್ತಲು ಹೋದಾಗ ಅದು ನಿಲ್ಲಲಿಲ್ಲ ಅಲ್ಲವೇ? ಅದಕ್ಕೆ ನಿಲ್ಲಲು ಯಾರೂ ಹೇಳಿಕೊಟ್ಟಿಲ್ಲ. ರೇಸಿನಲ್ಲಿ ಕುದುರೆ ನಡೆಯುತ್ತಿರುವಾಗಲೇ ಜಾಕಿಯ ಕಾಲನ್ನು ಒಬ್ಬರು ಎತ್ತಿ ಮೇಲೆ ಹಾಕುತ್ತಾರೆ. ಮೇಲೆ ಕೂತ ಕೂಡಲೇ ನೀನು ಭಯದಿಂದ ಎರಡೂ ಕಾಲಲ್ಲಿ ಅದರ ಹೊಟ್ಟೆ ಅವುಚಿಕೊಂಡೆ. ಜಾಕಿ ಮೋಟು ರಿಕಾಪಿನಲ್ಲಿ ಮೊಣಕಾಲು ಮಡಚಿ ಬೆನ್ನಿನ ಮೇಲೆ ಕೂರುವವನು, ಅವನ ಕಾಲು ಹೊಟ್ಟೆಯ ಪಕ್ಕಕ್ಕೆ ಇಳಿಯುವುದೇ ಇಲ್ಲ. ನಿನ್ನ ಕಾಲು ಅದಕ್ಕೆ ಹೊಸದು. ಬೆಚ್ಚಿ ಮುಂದಕ್ಕೆ ಹಾರಿತು. ನೀನು ಲಗಾಮು ಜಗ್ಗಿದೆ. ದನದ ಮೂಗುದಾರ ಜಗ್ಗಿದರೆ ದನ ನಿಲ್ಲುತ್ತದೆ, ಹಾಗೆ ಇದೂ ನಿಲ್ಲಬೇಕು ಎಂದು ನಿನಗೆ ಅನಿಸಿತು. ಆದರೆ ಈ ಕುದುರೆ ಓಡುವಾಗ ಕಡಿವಾಣದ ಮೇಲೆ ಭಾರ ಬಿಟ್ಟು ಓಡಲು ಕಲಿತದ್ದು. ಜಾಕಿ ಲಗಾಮು ಮೋಟಾಗಿ ಹಿಡಿದು ಬಿಗಿ ಮಾಡಿದ ಎಂದರೆ ದೌಡು ಶುರು ಎಂದರ್ಥ. ನೀನು ‘ನಿಲ್ಲು’ ಎಂದು ಜಗ್ಗಿದ್ದು ಅದಕ್ಕೆ ‘ಓಡು’ ಎಂದು ಕೇಳಿಸಿತು. ತಪ್ಪು ನಿನ್ನದೂ ಅಲ್ಲ, ಅದರದೂ ಅಲ್ಲ.

ಹುಡುಗಿಗೆ ಅರ್ಥವಾಯಿತು. ದೊಡ್ಡವರಿಗೆ ಇನ್ನೂ ಸ್ವಲ್ಪ ಹೇಳಬೇಕು.

ಕುದುರೆಯನ್ನು ಪಳಗಿಸುವುದು ಎಂದರೆ ಮೊದಲು ಹಳೆಯದನ್ನು ಇಳಿಸುವುದು. ಟ್ರ್ಯಾಕಿನಲ್ಲಿದ್ದಾಗ ಅದರ ದಿನದ 22-23 ಗಂಟೆ ನಾಲ್ಕು ಗೋಡೆಯ ಲಾಯದೊಳಗೆ. ಮಿಕ್ಕ ಹೊತ್ತು ತಾಲೀಮು. ತಿನ್ನುವುದು ಓಟ್ಸ್, ಬಾರ್ಲಿ, ಬೆಂಕಿಯಂಥ ಕಾಳು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲಿರುಳು ಸುರಿಯುತ್ತಲೇ ಇರುತ್ತದೆ. ಹುಲ್ಲು ಅಗಿಯುವಾಗ ಬರುವ ಜೊಲ್ಲೇ ಅದಕ್ಕೆ ಮದ್ದು. ಹುಲ್ಲು ಕಡಿಮೆಯಾಗಿ ಕಾಳು ಹೆಚ್ಚಾದರೆ ಹೊಟ್ಟೆ ಹುಣ್ಣಾಗುತ್ತದೆ. ತಾಲೀಮಿನಲ್ಲಿರುವ ರೇಸಿನ ಕುದುರೆಗಳಲ್ಲಿ ಹತ್ತಕ್ಕೆ ಎಂಟೊಂಬತ್ತರಲ್ಲಿ ಇಂಥ ಹುಣ್ಣು ಕಂಡಿದ್ದಾರೆ ಹೊರದೇಶದ ಪಶುವೈದ್ಯರು. ಜೀನು ಬಿಗಿಯುವಾಗ ನಿಮ್ಮ ಕುದುರೆ ತಿರುಗಿ ಕಚ್ಚಲು ಬಂದರೆ ಅದನ್ನು ಪೊಗರು ಎಂದು ಹೊಡೆಯಬೇಡಿ. ಹೊಟ್ಟೆ ನೋಯುತ್ತಿರಬಹುದು.

ಆದ್ದರಿಂದ ನನ್ನ ಲಾಯದಲ್ಲಿ ಮೊದಲ ಎಂಟು ವಾರ ಬೆನ್ನ ಮೇಲೆ ಏನೂ ಇಲ್ಲ. ಕಾಳನ್ನು ದಿನದಿನಕ್ಕೆ ಇಳಿಸಿ, ಹುಲ್ಲನ್ನು ಏರಿಸುತ್ತೇವೆ. ಒಮ್ಮೆಗೇ ಬದಲಿಸಿದರೆ ಹೊಟ್ಟೆನೋವು ಬಂದು ಸಾಯಬಹುದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಎಂಬುದನ್ನು ನೆನಪಿಡಿ. ತಿಂದದ್ದು ತಪ್ಪಾದರೆ ಅದು ಹಿಂದಕ್ಕೆ ಬರುವ ದಾರಿಯಿಲ್ಲ. ಓಟದ ತೆಳು ಲಾಳ ತೆಗೆಸಿ ಗೊರಸನ್ನು ಬೆಳೆಯಲು ಬಿಡುತ್ತೇವೆ. ಹಲ್ಲು ಅರೆಸುತ್ತೇವೆ. ಕಾಲಿನ ಎಕ್ಸ್‌ರೇ, ಬೆನ್ನಿನ ಎಕ್ಸ್‌ರೇ ತೆಗೆಸುತ್ತೇವೆ. ಬೇಲಿ ಹಾಕಿದ ಬಯಲಿಗೆ ಬಿಡುತ್ತೇವೆ, ಜೊತೆಗೊಂದು ಹಳೆಯ ಸಮಾಧಾನದ ಕುದುರೆ. ಎಷ್ಟೋ ವರ್ಷ ಬಯಲನ್ನೇ ಕಾಣದ ಪ್ರಾಣಿ ಮೊದಲ ದಿನ ಏನು ಮಾಡಬೇಕೆಂದು ತೋಚದೆ ಗೇಟಿನ ಹತ್ತಿರವೇ ನಿಂತುಬಿಡುತ್ತದೆ. ನಾಲ್ಕನೆಯ ದಿನವೋ ಹತ್ತನೆಯ ದಿನವೋ ಕೆಮ್ಮಣ್ಣಿನಲ್ಲಿ ಬಿದ್ದು ಹೊರಳಾಡಿ, ಎದ್ದು ಮೈ ಕೊಡವಿ, ಮೂಗಿನಲ್ಲಿ ದೊಡ್ಡದಾಗಿ ಉಸಿರು ಬಿಡುತ್ತದೆ. ಆ ಉಸಿರಿಗೆ ಕಾಯುತ್ತೇವೆ ನಾವು. ಅದು ಬಂದ ಮೇಲೆ ಕೆಲಸ ಸಲೀಸು.

ಆಮೇಲೆ ಕೈಯಲ್ಲಿ ಹಿಡಿದು ನಡೆಸುವುದು. ರಾಗಿ ಹೊಲದ ಬದು, ಟ್ರ್ಯಾಕ್ಟರ್, ರೇಷ್ಮೆಗೂಡು ತುಂಬಿದ ಟೆಂಪೋ, ಗಾಳಿಗೆ ಪಟಪಟ ಎನ್ನುವ ಪ್ಲಾಸ್ಟಿಕ್ ಹಾಳೆ, ಬೊಗಳುವ ನಾಯಿ, ಮಾರಮ್ಮನ ಹಬ್ಬದ ತಮಟೆ. ಒಂದೊಂದನ್ನೂ ದೂರದಿಂದ ತೋರಿಸಿ, ಅದು ಮೂಸಿ ನೋಡುವ ತನಕ ತಾಳಿ, ಮುಂದಕ್ಕೆ ಹೋಗಬೇಕು. ದಸರೆಗೆ ಮುಂಚೆ ಮೈಸೂರಿನಲ್ಲಿ ಆನೆಗಳ ಜೊತೆ ಅಶ್ವಾರೋಹಿ ಪಡೆಯ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪಿನ ತಾಲೀಮು ಮಾಡಿಸುವುದನ್ನು ನೀವು ಟೀವಿಯಲ್ಲಿ ನೋಡಿದ್ದೀರಿ. ವಿಜಯದಶಮಿಯ ದಿನ 21 ಸುತ್ತು ತೋಪು ಹಾರಿದಾಗ ಲಕ್ಷಾಂತರ ಜನರ ನಡುವೆ ಆ ಕುದುರೆಗಳು ನಿಲ್ಲುವುದು ಹುಟ್ಟುಗುಣದಿಂದಲ್ಲ, ವರ್ಷವರ್ಷವೂ ತಪ್ಪದೆ ಮಾಡಿಸುವ ಆ ತಾಲೀಮಿನಿಂದ. ಸರ್ಕಾರದ ಪಡೆಗೇ ಅಷ್ಟು ತಯಾರಿ ಬೇಕಾದರೆ, ನಿಮ್ಮ ತೋಟದಲ್ಲಿ ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಬಲೂನು ಒಡೆದಾಗ ಏನಾಗಬಹುದು ಎಂದು ಯೋಚಿಸಿ.

ಮೂರನೇ ತಿಂಗಳಿಂದ ಉದ್ದ ಹಗ್ಗದಲ್ಲಿ ಸುತ್ತು ಹಾಕಿಸುವುದು, ಎಡಕ್ಕೂ ಬಲಕ್ಕೂ ಸಮವಾಗಿ. ಟ್ರ್ಯಾಕಿನಲ್ಲಿ ಒಂದೇ ಕಡೆಗೆ ತಿರುಗಿ ತಿರುಗಿ ಅದರ ಒಂದು ಮಗ್ಗುಲು ಬಿಗಿದುಕೊಂಡಿರುತ್ತದೆ. ಓಟದ ಜೀನು ಅಂಗೈಯಷ್ಟು ಹಗುರ. ಸವಾರಿಯ ಜೀನು ಬೆನ್ನು ತುಂಬ ಕೂರುತ್ತದೆ. ಅದರ ತೂಕವನ್ನು ಮೊದಲು ಖಾಲಿಯಾಗಿ ಹೊರಿಸಬೇಕು. ಆಮೇಲೆ ಕಲ್ಲಿನ ಮೇಲೆ ನಿಂತು ಹತ್ತುವಾಗ ಅಲುಗದೆ ನಿಲ್ಲುವುದನ್ನು ಕಲಿಸಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪಾಠ ಇದೇ. ಒಂದೊಂದು ಕುದುರೆಗೆ ಬರೀ ನಿಲ್ಲುವುದಕ್ಕೇ ಮೂರು ವಾರ ಹಿಡಿದದ್ದುಂಟು. ನಂತರ ನಡಿಗೆ, ದುಡುಕಿ, ನಿಧಾನದ ಕ್ಯಾಂಟರ್. ಲಗಾಮು ಸಡಿಲಿಸಿದರೆ ನಿಧಾನಿಸಬೇಕು, ಮೈ ಹಿಂದಕ್ಕೆ ಕೂತರೆ ನಿಲ್ಲಬೇಕು. ಇಷ್ಟು ಕಲಿತು ಗಟ್ಟಿಯಾಗಲು ಚುರುಕಾದ ಕುದುರೆಗೆ ಆರು ತಿಂಗಳು. ಕೆಲವಕ್ಕೆ ಒಂದು ವರ್ಷ.

ನೀವು ರೇಷ್ಮೆ ಸೀಮೆಯಲ್ಲಿ ಮನೆ ಕಟ್ಟಿದ್ದೀರಿ. ಪಕ್ಕದ ರೈತರನ್ನು ಕೇಳಿ ನೋಡಿ. ಹುಳು ಹಣ್ಣಾಗುವ ಮೊದಲೇ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಒಬ್ಬನಾದರೂ ಸಿಗುತ್ತಾನೆಯೇ? ಚನ್ನಪಟ್ಟಣದ ಗೊಂಬೆ ಕೆಲಸದವರೂ ಹಸಿ ಹಾಲೆ ಮರವನ್ನು ಕಡೆಯುವುದಿಲ್ಲ. ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಇಲ್ಲದಿದ್ದರೆ ಅರಗು ಹಚ್ಚಿದ ಮೇಲೆ ಸೀಳು ಬಿಡುತ್ತದೆ. ಮಗು ಕೂತು ತೂಗುವ ಮರದ ಕುದುರೆಗೇ ಅಷ್ಟು ತಾಳ್ಮೆ ತೋರುವ ಊರಿದು.

ನನ್ನದೊಂದು ತಪ್ಪನ್ನು ಹೇಳದೆ ಈ ಪತ್ರ ಪೂರ್ತಿಯಾಗದು. 12 ವರ್ಷದ ಹಿಂದೆ ಅಪ್ಪನಿಗೆ ಆಪರೇಷನ್ ಆಗಬೇಕಿತ್ತು. ಕೈಯಲ್ಲಿ ಹಣವಿರಲಿಲ್ಲ. ಲಾಯದಲ್ಲಿ ಒಂದು ಬೀಜ ಒಡೆಸಿದ ಕಂದು ಕುದುರೆ ಇತ್ತು, ಹಣೆಯಲ್ಲಿ ಚುಕ್ಕೆ, ಹಿಂಗಾಲಿನ ಕೀಲಿನ ಮೇಲೆ ಹಳೆಯ ಗಾಯದ ಗುರುತು. ಪಳಗಿಸಲು ತಂದು ಮೂರು ತಿಂಗಳೂ ಆಗಿರಲಿಲ್ಲ. ಒಂದು ರೆಸಾರ್ಟಿನವರು ಕೇಳಿದರು. ‘ಇನ್ನೂ ಆಗಿಲ್ಲ’ ಎಂದು ಹೇಳಬೇಕಿತ್ತು. ನಾನು ‘ಆಗಿದೆ’ ಎಂದೆ. ಎರಡು ತಿಂಗಳಲ್ಲಿ ಅದು ಅಲ್ಲೊಬ್ಬರನ್ನು ಬೀಳಿಸಿತಂತೆ, ಅವರು ಬೇರೆ ಯಾರಿಗೋ ಕೊಟ್ಟರಂತೆ. ನನಗೆ ತಿಳಿದದ್ದು ತಡವಾಗಿ. ಮೂರು ವರ್ಷ ಕಳೆದ ಮೇಲೆ ಚನ್ನಪಟ್ಟಣದಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಮುಂದೆ ಜನರೇಟರ್ ಬೆಳಕಲ್ಲಿ, ಬ್ಯಾಂಡಿನ ಗದ್ದಲದ ನಡುವೆ, ಹೊಳೆಯುವ ಬಟ್ಟೆ ಹೊದಿಸಿಕೊಂಡು ಅದೇ ಕುದುರೆ ನಿಂತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಹಣೆಯ ಚುಕ್ಕೆ ನೋಡಿ ಅನುಮಾನ, ಕಾಲಿನ ಗುರುತು ನೋಡಿ ಖಾತ್ರಿ. ಹತ್ತಿರ ಹೋಗಿ ನಾನು ಕೂಗುತ್ತಿದ್ದ ಹೆಸರಲ್ಲಿ ಕೂಗಿದೆ. ಒಂದು ಕಿವಿ ಮಾತ್ರ ನನ್ನ ಕಡೆಗೆ ತಿರುಗಿತು, ತಲೆ ಎತ್ತಲಿಲ್ಲ. ಕೊಂಡುಕೊಳ್ಳುತ್ತೇನೆ ಎಂದು ಮರುವಾರ ಹಣ ಹೊಂದಿಸಿಕೊಂಡು ಹೋದೆ. ಅಷ್ಟರಲ್ಲಿ ಅದು ಇನ್ನೊಂದು ಕೈ ದಾಟಿತ್ತು. ಮತ್ತೆ ಸಿಗಲಿಲ್ಲ.

ಅಂದಿನಿಂದ ನನ್ನ ಮಾರಾಟದ ಕಾಗದದಲ್ಲಿ ಒಂದು ಸಾಲು ಕಾಯಂ. ಏನೇ ಕಾರಣಕ್ಕೆ ಬೇಡವಾದರೂ ಕುದುರೆ ಮೊದಲು ನನಗೇ ವಾಪಸ್ ಬರಬೇಕು. ಬೇರೆ ಯಾರಿಗೂ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಈ ಸಾಲು ನೋಡಿ ಎದ್ದುಹೋದ ಗಿರಾಕಿಗಳಿದ್ದಾರೆ. ಹೋಗಲಿ.

ನೀವು ಯಾರಿಂದಲೇ ಕೊಳ್ಳಿ, ಇಷ್ಟನ್ನು ಕೇಳಿಯೇ ಕೊಳ್ಳಿ. ಥರೋಬ್ರೆಡ್ ಆದರೆ ಪಾಸ್‌ಪೋರ್ಟ್ ಇರುತ್ತದೆ, ಕುತ್ತಿಗೆಯಲ್ಲಿ ಮೈಕ್ರೋಚಿಪ್ ಇರುತ್ತದೆ, ಎರಡೂ ತಾಳೆಯಾಗಬೇಕು. ಪಾಸ್‌ಪೋರ್ಟ್ ಕಳೆದುಹೋಗಿದೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿ ಕೈಗೆ ಬಾರದೆ ಕುದುರೆಯನ್ನು ಲಾರಿ ಹತ್ತಿಸಬೇಡಿ. ಇದು ಮನುಷ್ಯರಿಗೂ ಹರಡುವ ರೋಗ, ಬಂದ ಕುದುರೆಗೆ ಚಿಕಿತ್ಸೆಯಿಲ್ಲ, ಕಾನೂನಿನಂತೆ ದಯಾಮರಣ ಕೊಡಬೇಕು. 2024ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಒಂದು ಕುದುರೆಗೆ ಕಂಡುಬಂದು ಸುತ್ತಲಿನ ಪ್ರದೇಶದಲ್ಲಿ ಕುದುರೆಗಳ ಓಡಾಟವನ್ನೇ ನಿರ್ಬಂಧಿಸಿದ್ದರು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ರೋಗಪತ್ತೆಗೆ ದೇಶಕ್ಕೇ ದೊಡ್ಡ ಆಸರೆ. ಸಾಗಿಸುವಾಗ 1978ರ ಪ್ರಾಣಿ ಸಾಗಣೆ ನಿಯಮದಂತೆ ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರವೂ ಬೇಕು.

ಇನ್ನು ಕಾಗದದಲ್ಲಿ ಕಾಣದ ಸಂಗತಿಗಳು. ಮಾರುವವರೇ ಮೊದಲು ಹತ್ತಿ ತೋರಿಸಲಿ. ಹತ್ತಿ ತೋರಿಸಲು ಹಿಂಜರಿದರೆ ನೀವೂ ಹತ್ತಬೇಡಿ. ಒಂದು ಸಲ ನೋಡಿ ಮುಂಗಡ ಕೊಡಬೇಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹೇಳದೆ ಕೇಳದೆ ಒಂದು ಸಲ ಹೋಗಿ. ಜೀನೂ ಸೇರಿ ಸವಾರನ ತೂಕ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬುದು ಸಾಮಾನ್ಯ ಲೆಕ್ಕ. 450 ಕಿಲೋ ಕುದುರೆಗೆ ಅದು 90 ಕಿಲೋ. ಐವತ್ತು ಚಿಲ್ಲರೆ ಕಿಲೋದ ಜಾಕಿಯನ್ನು ಹೊತ್ತು ಅಭ್ಯಾಸವಿರುವ, ಕಾಲು ದಣಿದ ಕುದುರೆಗೆ ನಾನು 75ರ ಮೇಲೆ ಒಪ್ಪುವುದಿಲ್ಲ.

ಎಲ್ಲ ಕುದುರೆಗಳೂ ಸವಾರಿಗೆ ಬರುವುದಿಲ್ಲ ಎಂಬ ಮಾತನ್ನೂ ನೇರವಾಗಿ ಹೇಳಿಬಿಡುತ್ತೇನೆ. ಮುಂಗಾಲಿನ ಸ್ನಾಯುರಜ್ಜು ಹರಿದು ಬಾಳೆಕಾಯಿಯಂತೆ ಬಾಗಿದ್ದು ವಾಸಿಯಾದರೂ, ಅದು ನಡಿಗೆಗೆ ಮಾತ್ರ, ಹಾರುವುದಕ್ಕಲ್ಲ. ಬೆನ್ನುಮೂಳೆ ಒಂದಕ್ಕೊಂದು ತಾಗುವ ಕುದುರೆ ಬೆನ್ನ ಮೇಲೆ ಯಾರನ್ನೂ ಹೊರಬಾರದು. ನನ್ನಲ್ಲಿ ಅಂಥವು ಈಗ ಎರಡಿವೆ. ಮಾರುವುದಿಲ್ಲ. ಹೊಸದಾಗಿ ಬಂದ ಕುದುರೆಗಳಿಗೆ ಬಯಲಲ್ಲಿ ಜೊತೆಯಾಗಿ ನಿಲ್ಲುವುದೇ ಅವುಗಳ ಕೆಲಸ. ಅದು ಸಣ್ಣ ಕೆಲಸವಲ್ಲ.

ಮತ್ತೆ, ಸೈಸ್. ನೀವು ಕುದುರೆಗೆ ಹಣ ಎತ್ತಿಡುತ್ತೀರಿ, ಬೂಟಿಗೆ, ಟೋಪಿಗೆ, ಜೀನಿಗೆ ಎತ್ತಿಡುತ್ತೀರಿ. ನೋಡಿಕೊಳ್ಳಲು ಮಾತ್ರ ‘ತೋಟದ ಆಳು ಇದ್ದಾನೆ, ಹಸು ಜೊತೆ ಇದನ್ನೂ ನೋಡ್ತಾನೆ’ ಎನ್ನುತ್ತೀರಿ. ಹಸು ನೋಡುವವರಿಗೆ ಹಸು ಗೊತ್ತು. ಕುದುರೆಯ ಹೊಟ್ಟೆನೋವು ಶುರುವಾಗುವ ಮೊದಲ ಅರ್ಧ ಗಂಟೆ, ಅದು ಪಕ್ಕೆ ತಿರುಗಿ ನೋಡಿಕೊಳ್ಳುವುದು, ಮೇಲ್ತುಟಿ ಸುರುಳಿ ಮಾಡುವುದು, ನೆಲ ಕೆದರುವುದು, ಇವೆಲ್ಲ ಸೈಸಿನ ಕಣ್ಣಿಗೆ ಬೀಳುತ್ತವೆ. ಆ ಅರ್ಧ ಗಂಟೆಯಲ್ಲಿ ಡಾಕ್ಟರಿಗೆ ಫೋನ್ ಹೋದರೆ ಕುದುರೆ ಉಳಿಯುತ್ತದೆ. ನಮ್ಮ ಭಾಷೆಯಲ್ಲಿ ಸುಮಾರು 600 ವರ್ಷದ ಹಿಂದೆಯೇ ಅಭಿನವಚಂದ್ರ ಎಂಬ ಕವಿ ಕುದುರೆಯ ವೈದ್ಯದ ಬಗ್ಗೆ ಗ್ರಂಥ ಬರೆದಿದ್ದ. ಆ ವಿದ್ಯೆಯ ಎಷ್ಟೋ ಭಾಗ ಪುಸ್ತಕದಲ್ಲಿ ಉಳಿಯದೆ ಸೈಸ್‌ಗಳ ಅಂಗೈಯಲ್ಲಿ ಉಳಿದಿದೆ. ಅವರ ಮಕ್ಕಳು ಈಗ ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಬಸ್ ಹತ್ತುತ್ತಿದ್ದಾರೆ. ಹತ್ತದೆ ಏನು ಮಾಡಿಯಾರು? ಸೈಸ್ ಕೆಲಸಕ್ಕೆ ಗೌರವದ ಸಂಬಳ, ಒಂದು ಮನೆ, ಪಿಎಫ್ ಕೊಡುವ ತೋಟ ಈ ನಾಲ್ಕು ತಾಲ್ಲೂಕಿನಲ್ಲಿ ಎಷ್ಟಿವೆ?

ಈ ಸೀಮೆಗೆ ಕುದುರೆ ಹೊಸದಲ್ಲ ಎಂಬುದೇ ನನ್ನ ಧೈರ್ಯ. ಮಾಗಡಿಯ ಗಡಿ ದಾಟಿದರೆ ಕುಣಿಗಲ್. ಅಲ್ಲಿ ಟಿಪ್ಪು ಕಾಲದಲ್ಲಿ ಸೈನ್ಯಕ್ಕೆಂದು ಶುರುವಾದ ಕುದುರೆ ಫಾರಂ ಇದೆ. ದೇಶದ ದೊಡ್ಡ ದೊಡ್ಡ ರೇಸು ಗೆದ್ದ ಕುದುರೆಗಳು ಅಲ್ಲಿ ಹುಟ್ಟಿವೆ. 400 ಎಕರೆಗೂ ಮಿಕ್ಕಿದ ಆ ನೆಲದಲ್ಲಿ ಟೌನ್‌ಶಿಪ್ ಮಾಡುವ ಮಾತು ಬಂದಾಗ ಕುಣಿಗಲ್ಲಿನ ಜನ ಬೀದಿಗಿಳಿದರು. ರಾಮದೇವರ ಬೆಟ್ಟದ ಬಂಡೆಗಳ ನಡುವೆ 1973ರಲ್ಲಿ ‘ಶೋಲೆ’ಯ ಕ್ಯಾಮೆರಾ ತಿರುಗಿದಾಗ ಗಬ್ಬರನ ಕುದುರೆಗಳ ಗೊರಸಿನ ಸದ್ದು ಕೇಳಿದವರು ಇವತ್ತಿಗೂ ರಾಮನಗರದಲ್ಲಿದ್ದಾರೆ. ನಮ್ಮ ಖುಷ್ಕಿ ಹೊಲದಲ್ಲಿ ಹುರುಳಿ ಬೆಳೆಯುತ್ತದೆ. ರಾಗಿ ಹುಲ್ಲು ಬಣವೆ ಬಣವೆಯಾಗಿದೆ. ನೀರಿದ್ದ ಕಡೆ ಕುದುರೆ ಮಸಾಲೆ ಸೊಪ್ಪು ಕೊಯ್ದಷ್ಟೂ ಚಿಗುರುತ್ತದೆ. ಓಟದ ಮೈದಾನದಿಂದ ಐವತ್ತು ಕಿಲೋಮೀಟರ್‌ಗೆ ಬಯಲಿದೆ, ಮೇವಿದೆ, ಕಸುಬು ಬಲ್ಲವರಿದ್ದಾರೆ. ಪಳಗಿಸುವ ಲಾಯಗಳು ಇಲ್ಲಿ ಹತ್ತಾರು ಆಗಬಹುದು.

ಬ್ರಿಟನ್ನಿನಲ್ಲಿ 2000ದಲ್ಲಿ ರೇಸಿನವರೇ ಸೇರಿ ಇಂಥ ಕುದುರೆಗಳ ಮರುತರಬೇತಿಗೆ ಒಂದು ಸಂಸ್ಥೆ ಕಟ್ಟಿದರು. ಅಮೆರಿಕದಲ್ಲಿ 2012ರಿಂದ ಇಂಥ ಲಾಯಗಳನ್ನು ಪರೀಕ್ಷಿಸಿ, ಮಾನ್ಯತೆ ಕೊಟ್ಟು, ಹಣ ಒದಗಿಸುವ ಒಕ್ಕೂಟವಿದೆ. ಕೆಂಟಕಿಯಲ್ಲಿ ರೇಸು ಬಿಟ್ಟ ಕುದುರೆಗಳು ಹೊಸ ಕೆಲಸ ಕಲಿತು ತೋರಿಸುವ ಸ್ಪರ್ಧೆಗೆ ನೂರಾರು ಕುದುರೆ ಬರುತ್ತವೆ. ನಮ್ಮ ಕುದುರೆ ಮಾಲೀಕರೂ ಗೆದ್ದ ಹಣದಲ್ಲಿ ಒಂದು ಪಾಲನ್ನು ಓಟ ಮುಗಿದ ಕುದುರೆಗೆ ಎತ್ತಿಡಬೇಕೆಂದು ನಾನು ಬಹಳ ಕಾಲದಿಂದ ಕೇಳುತ್ತಿದ್ದೇನೆ. ಅವರಿಗೆ ಬೇರೆಯೇ ಪತ್ರ ಬರೆಯುತ್ತೇನೆ. ನಿಮ್ಮನ್ನು ಕೇಳುವುದು ಇಷ್ಟೇ: ಟ್ರ್ಯಾಕಿನಿಂದ ನೇರವಾಗಿ ಇಳಿದ ಕುದುರೆಯನ್ನು ಅಗ್ಗಕ್ಕೆ ಕೊಳ್ಳಬೇಡಿ. ಪಳಗಿದ ಕುದುರೆಗೆ ಹೆಚ್ಚು ಕೊಡಿ. ಆ ಹೆಚ್ಚಿನ ಹಣ ಆರು ತಿಂಗಳ ಹುಲ್ಲು, ಆರು ತಿಂಗಳ ಸಂಬಳ. ನೀವು ಅದನ್ನು ಕೊಡಲು ತಯಾರಾದ ದಿನ ಪಳಗಿಸುವವರೂ ಹುಟ್ಟಿಕೊಳ್ಳುತ್ತಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಗೆದ್ದ ಮೇಲೆ ಸವಾರಿ ಕಲಿಯಬೇಕೆಂದು ಬರುವ ಮಕ್ಕಳು ಹೆಚ್ಚಾಗಿದ್ದಾರೆ. ಅವರು ಕಲಿಯುವುದು ಹೆಚ್ಚಾಗಿ ರೇಸಿನಿಂದ ಇಳಿದ ಕುದುರೆಗಳ ಬೆನ್ನ ಮೇಲೆಯೇ.

ಮಂಚನಬೆಲೆಯ ಆ ಕೆಂದ ಕುದುರೆಯನ್ನು ಅಂದು ಸಂಜೆಯೇ ನನ್ನ ಲಾಯಕ್ಕೆ ತಂದೆವು. ಸೈಸ್ ಅದಕ್ಕೆ ಕೆಂಚಿ ಎಂದು ಹೆಸರಿಟ್ಟ. ಮೊದಲ ಹತ್ತು ದಿನ ಯಾರನ್ನೂ ನೋಡಲಿಲ್ಲ. ಹನ್ನೊಂದನೆಯ ದಿನ ಹೊರಳಾಡಿತು. ಹುಡುಗಿಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳನ್ನು ಪ್ರತಿ ಭಾನುವಾರ ಕರೆತರುತ್ತಿದ್ದಾರೆ. ಮೂರು ತಿಂಗಳು ಅವಳು ಬರೀ ಮೈ ಉಜ್ಜಿದಳು, ಗೊರಸು ಕೆರೆದಳು, ಹಗ್ಗ ಹಿಡಿದು ರಾಗಿ ಹೊಲದ ಬದುವಿನಲ್ಲಿ ನಡೆಸಿದಳು. ಆಯುಧಪೂಜೆಯ ದಿನ ಕೆಂಚಿಗೆ ಅರಿಶಿನ ಕುಂಕುಮ ಹಚ್ಚಿ, ಕಲ್ಲಿನ ಪಕ್ಕ ನಿಲ್ಲಿಸಿ, ಮೊದಲ ಸಲ ಹತ್ತಿದಳು. ಕುದುರೆ ನಿಂತೇ ಇತ್ತು. ಹತ್ತು ನಿಮಿಷ ನಡಿಗೆ, ಸೈಸ್ ಪಕ್ಕದಲ್ಲೇ. ಇಳಿದ ಮೇಲೆ ಅವಳು ಏನೂ ಮಾತಾಡದೆ ಅದರ ಕುತ್ತಿಗೆಗೆ ಹಣೆ ಒತ್ತಿಕೊಂಡು ಬಹಳ ಹೊತ್ತು ನಿಂತಿದ್ದಳು.

ಅವಳ ಅಪ್ಪ ತೋಟದಲ್ಲಿ ಎರಡು ಕುದುರೆಗಾಗುವಷ್ಟು ಲಾಯ ಕಟ್ಟಿಸುತ್ತಿದ್ದಾರೆ, ಮಣ್ಣಿನ ನೆಲ, ಎದುರಿಗೆ ಬಯಲು. ಸೈಸಿನ ಮನೆಗೆ ಮೊದಲು ಪಾಯ ತೋಡಿಸಿ ಎಂದಿದ್ದೆ. ಹೋದ ವಾರ ಅದಕ್ಕೆ ತಾರಸಿ ಹಾಕಿದರಂತೆ. ‘ಯಾವಾಗ ಕಳಿಸ್ತೀರಿ ಅಣ್ಣ?’ ಎಂದು ದಿನಾ ಫೋನ್ ಮಾಡುತ್ತಾರೆ. ದೀಪಾವಳಿ ಕಳೆಯಲಿ, ಪಟಾಕಿ ಸದ್ದು ಅಡಗಿದ ಮೇಲೆ ಕಳಿಸುತ್ತೇನೆ ಎಂದಿದ್ದೇನೆ.

ಇತಿ ನಿಮ್ಮವ,
ಮಾಗಡಿ ಕಡೆಯ ಒಂದು ಕುದುರೆ ಲಾಯದಿಂದ